ಹೊಂಗೆಯ ನೆರಳಿಗೆ ಕಾಡಿನ ಹೂಗಳು

ಕೈತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ನೆರಳನ್ನು ಕುರಿತೇ ಇದ್ದವು. ಮರ ಕಡಿಯಲು ಮನಸ್ಸು ಬಾರದು, ಮರದ ಕೆಳಗೆ ಹೂವಿನ ಗಿಡ ಬಾರದು ಎಂಬುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳ ಓದುಗರ ಅಳಲು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮ್ಮಾ, ನಮ್ಮ ಹಿತ್ತಿಲಿನಲ್ಲಿ ಐವತ್ತು ವರ್ಷ ದಾಟಿದ ಹೊಂಗೆ ಮರವೊಂದಿದೆ, ಪಕ್ಕದಲ್ಲಿ ಒಂದು ಮಾವಿನ ಮರವಿದೆ. ಅವುಗಳ ಕೆಳಗೆ ಗುಲಾಬಿ, ಸೇವಂತಿಗೆ, ಚೆಂಡುಹೂ ಎಲ್ಲವನ್ನೂ ಹಾಕಿ ನೋಡಿದೆವು. ಕಡ್ಡಿಯಂತೆ ಉದ್ದಕ್ಕೆ ಬೆಳೆದು ಬಾಗಿದವೇ ಹೊರತು ಹೂ ಬಿಡಲಿಲ್ಲ. ಕಳೆದ ಶ್ರಾವಣದಲ್ಲಿ ದೇವರಾಯನದುರ್ಗಕ್ಕೆ ಹೋಗಿದ್ದಾಗ ನಾಮದ ಚಿಲುಮೆಯ ದಾರಿಯ ಮರಗಳ ಕೆಳಗೆ ಬಗೆಬಗೆಯ ಹೂಗಳನ್ನು ಕಂಡೆವು. ಅವುಗಳಿಗೆ ನೀರು ಹಾಕುವವರಿಲ್ಲ, ಗೊಬ್ಬರ ಕೊಡುವವರಿಲ್ಲ. ಅಂಥವನ್ನು ಮನೆಯಲ್ಲಿ ಬೆಳೆಸಲಾಗದೇ?
— ನಿವೃತ್ತ ಶಿಕ್ಷಕರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಖಂಡಿತ ಬೆಳೆಸಬಹುದು ಮೇಷ್ಟ್ರೇ. ಗುಲಾಬಿ, ಸೇವಂತಿಗೆ, ಚೆಂಡುಹೂಗಳು ಬಯಲಿನ ಬಿಸಿಲು ಬೇಡುವ ಗಿಡಗಳು. ಅವು ನಿಮ್ಮಲ್ಲಿ ಸೋತದ್ದು ನಿಮ್ಮ ಆರೈಕೆಯ ಕೊರತೆಯಿಂದಲ್ಲ, ಜಾಗ ಅವುಗಳದ್ದಲ್ಲದ ಕಾರಣದಿಂದ. ನೀವು ದುರ್ಗದ ದಾರಿಯಲ್ಲಿ ಕಂಡ ಗಿಡಗಳಿಗೆ ಮರದ ಕೆಳಗೇ ಮನೆ. ಆದರೆ ಅವುಗಳನ್ನು ಬೆಳೆಸುವುದಕ್ಕೆ ಮೊದಲು ನಿಮ್ಮ ನೆರಳು ಎಂಥದ್ದು ಎಂಬುದನ್ನು ತಿಳಿಯಬೇಕು. ಒಂದು ಬಿಳಿ ಪಂಚೆಯನ್ನು ಮರದ ಕೆಳಗೆ ಹಾಸಿ, ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಬಂದು ನೋಡಿ. ಪಂಚೆಯ ಮೇಲೆ ಬಿಸಿಲಿನ ನಾಣ್ಯಗಳು ಚೆಲ್ಲಿದಂತೆ ಚುಕ್ಕೆಗಳು ಅಲ್ಲಾಡುತ್ತಿದ್ದರೆ ಅದು ಹೂ ಬಿಡುವ ನೆರಳು. ಹೊಂಗೆಯ ಕೆಳಗೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ದಿನವಿಡೀ ಒಂದು ಚುಕ್ಕೆಯೂ ಬೀಳದಿದ್ದರೆ, ಹಳೆಯ ಮಾವಿನ ಕೆಳಗೆ ಇರುವ ಹಾಗೆ, ಪೂರ್ವದ ಕಡೆಗೆ ತಗ್ಗಿರುವ ಒಂದೆರಡು ಕೊಂಬೆಗಳನ್ನು ತೆಗೆಸಿ ಎಳೆಬಿಸಿಲು ಒಳಗೆ ಬರುವಂತೆ ಮಾಡಿಕೊಳ್ಳಬೇಕು. ಎಳೆಬಿಸಿಲು ಎರಡು ಗಂಟೆ ಸಿಕ್ಕರೂ ಈ ಗಿಡಗಳಿಗೆ ಸಾಕು.

ಇನ್ನು ನೆರಳಿಗಿಂತ ದೊಡ್ಡ ತೊಡಕು ಬೇರಿನದು. ನಮ್ಮ ಮೂರೂ ಜಿಲ್ಲೆಗಳ ಬಹುಪಾಲು ಕಡೆ ವರ್ಷಕ್ಕೆ ಬೀಳುವುದು ಸುಮಾರು 600ರಿಂದ 800 ಮಿಲಿಮೀಟರ್ ಮಳೆ. ಅದರಲ್ಲಿ ಒಂದು ಪಾಲು ಎಲೆಗಳ ಮೇಲೇ ನಿಂತು ಆವಿಯಾಗುತ್ತದೆ, ನೆಲಕ್ಕೆ ತಲುಪಿದ್ದನ್ನು ಮರದ ಮೇಲ್ಬೇರುಗಳು ಮೊದಲು ಹೀರುತ್ತವೆ. ಮರದ ಕೆಳಗಿನ ಗಿಡ ಬಾಡಿದಾಗ ನಾವು ಬಿಸಿಲಿಲ್ಲವೆಂದು ದೂರುತ್ತೇವೆ. ಅನೇಕ ಸಲ ಅದು ಬಾಯಾರಿರುತ್ತದೆ. ಈ ಕಾರಣಕ್ಕಾಗಿಯೇ ಮಲೆನಾಡಿನ ಜರಿಗಿಡ, ಬಿಗೋನಿಯಾಗಳನ್ನು ತಂದು ಇಲ್ಲಿ ನೆಡಬೇಡಿರೆಂದು ನಾನು ಪ್ರತಿ ವರ್ಷವೂ ಬರೆಯುತ್ತೇನೆ. ಅವು ನೆರಳನ್ನು ಕೇಳುವುದು ನಿಜ, ಆದರೆ ಜೊತೆಗೆ ಆಗುಂಬೆಯ ಮಳೆಯನ್ನೂ ಕೇಳುತ್ತವೆ. ನಮಗೆ ಬೇಕಾದದ್ದು ಒಣ ಕಾಡಿನ ನೆರಳಿಗೆ ಒಗ್ಗಿದ ಗಿಡಗಳು, ಮತ್ತು ಅಂಥ ಕಾಡು ನಿಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿದೆ.

ಬೇರಿನ ತೊಡಕಿಗೆ ಮಣ್ಣು ಏರಿಸುವುದೇ ಪರಿಹಾರವೆಂದು ಕೆಲವರು ಹೇಳುತ್ತಾರೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಬಹಳ ಹಿಂದೆ ನಾನೇ ನಮ್ಮ ಹಲಸಿನ ಮರದ ಬುಡಕ್ಕೆ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಹರಡಿಸಿ, ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿ ಹೂವಿನ ಮಡಿ ಮಾಡಿಸಿದೆ. ಮೊದಲ ವರ್ಷ ತುದಿಕೊಂಬೆಗಳು ಒಣಗಿದವು, ಎರಡನೆಯ ವರ್ಷ ಮಣ್ಣಿನೊಳಗೆ ಹೂತಿದ್ದ ತೊಗಟೆ ಕೊಳೆತು ಕೈಗೆ ಕಿತ್ತು ಬಂತು. ಮನೆಯ ಮಕ್ಕಳೆಲ್ಲ ಹಣ್ಣು ತಿಂದು ಬೆಳೆದ ಆ ಮರ ನನ್ನ ಅವಸರದಿಂದ ಹೋಯಿತು ಎಂಬ ನೋವು ಇಂದಿಗೂ ಇದೆ. ಬೇರು ಉಸಿರಾಡಬೇಕು. ಎರಡು ಮೂರು ಅಂಗುಲಕ್ಕಿಂತ ಹೆಚ್ಚು ಮಣ್ಣನ್ನು ಬೇರಿನ ಮೇಲೆ ಹರಡಬಾರದು, ಕಾಂಡದ ಸುತ್ತ ಒಂದು ಗೇಣು ಜಾಗವನ್ನು ಬರಿದಾಗಿಯೇ ಬಿಡಬೇಕು.

ಮಾಡಬೇಕಾದದ್ದು ಇಷ್ಟು. ಮೊದಲನೆಯದಾಗಿ, ಮರದ ಕೆಳಗಿನ ತರಗೆಲೆಯನ್ನು ಗುಡಿಸಿ ಸುಡುವುದನ್ನು ನಿಲ್ಲಿಸಿ. ಹೊಂಗೆ ಶಿವರಾತ್ರಿ ಕಳೆದ ಮೇಲೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಮೈತುಂಬ ಚಿಗುರುತ್ತದೆ. ಆ ಉದುರಿದ ಎಲೆಯೇ ನಿಮ್ಮ ತೋಟದ ಬಂಡವಾಳ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿದು ಬೆಳೆ ತೆಗೆದ ಊರಿನವರಿಗೆ ಅದರ ಸಾರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊಂಗೆಯ ಎಲೆ ಬೇಗ ಕೊಳೆಯುತ್ತದೆ, ಮಾವಿನದು ಗಡುಸು, ನಿಧಾನ; ಎರಡನ್ನೂ ಬೆರೆಸಿ ಒಂದು ಮೂಲೆಯಲ್ಲಿ ರಾಶಿ ಹಾಕಿ ಆಗಾಗ ನೀರು ಚಿಮುಕಿಸಿದರೆ ವರ್ಷದೊಳಗೆ ಎಲೆಗೊಬ್ಬರ ಸಿದ್ಧವಾಗುತ್ತದೆ. ಹೀಗೆ ಒಂದು ವರ್ಷ ಮುಟ್ಟದೆ ಬಿಟ್ಟ ಜಾಗದಲ್ಲಿ ಮಂಡಿಯೂರಿ ಕೂತು ಎಲೆಯ ಪದರವನ್ನು ಕೈಯಿಂದ ಮೆಲ್ಲಗೆ ಎತ್ತಿ ನೋಡಿ. ಮೇಲೆ ಗರಿಗರಿ ಒಣಗಿದ ಎಲೆ ಇರುತ್ತದೆ. ಅದರ ಕೆಳಗೆ ಮಾಂಸವೆಲ್ಲ ಕರಗಿ ನರಗಳ ಬಲೆಯಷ್ಟೇ ಉಳಿದ ಎಲೆ, ಅದಕ್ಕೆ ಅಂಟಿಕೊಂಡ ಹತ್ತಿಯ ಎಳೆಯಂಥ ಬಿಳಿ ಶಿಲೀಂಧ್ರ ಕಾಣುತ್ತದೆ. ಅದಕ್ಕೂ ಕೆಳಗೆ ಚಹಾಪುಡಿಯಂತೆ ಉದುರುದುರಾದ ಕಪ್ಪು ಮಣ್ಣು, ಮೊದಲ ಮಳೆಯ ವಾಸನೆಯೊಂದಿಗೆ. ಕಾಡಿನ ಹೂಗಳು ಬೇರು ಬಿಡುವುದು ಆ ಮೂರನೆಯ ಪದರದಲ್ಲಿ. ಅದನ್ನು ಅಂಗಡಿಯಿಂದ ಚೀಲದಲ್ಲಿ ತರಲಾಗುವುದಿಲ್ಲ.

ಎರಡನೆಯದಾಗಿ, ಇಡೀ ಜಾಗವನ್ನು ಗುದ್ದಲಿಯಿಂದ ಅಗೆಯಬೇಡಿ. ಬೇರು ಬೇರಿನ ನಡುವೆ ಸಿಗುವ ಸಂದುಗಳಲ್ಲಿ ಬೊಗಸೆಯಗಲದ ಗುಳಿ ತೋಡಿ, ಎಲೆಗೊಬ್ಬರ ಮತ್ತು ಕೆಮ್ಮಣ್ಣು ಸಮಪಾಲು ತುಂಬಿ, ಚಿಕ್ಕ ಸಸಿಗಳನ್ನೇ ನೆಡಿ. ದೊಡ್ಡ ಕುಂಡದಲ್ಲಿ ಬೆಳೆದ ಗಿಡಕ್ಕೆ ದೊಡ್ಡ ಗುಳಿ ಬೇಕು, ದೊಡ್ಡ ಗುಳಿಗೆ ಮರದ ಬೇರು ಕಡಿಯಬೇಕು. ಮೇಲಾಗಿ ಚಿಕ್ಕ ಸಸಿ ಆ ನೆಲಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಮೃಗಶಿರ, ಆರಿದ್ರಾ ಮಳೆಗಳ ಹೊತ್ತು, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗೆ, ನೆಡಲು ಒಳ್ಳೆಯ ಕಾಲ. ನಮ್ಮ ಸೀಮೆಯಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುವುದರಿಂದ ಹಸ್ತ, ಚಿತ್ತೆಯ ಹೊತ್ತಿಗೆ ಸಸಿ ಬೇರು ಬಿಟ್ಟುಕೊಂಡು ಆ ನೀರನ್ನು ಹಿಡಿಯಲು ಸಿದ್ಧವಾಗಿರುತ್ತದೆ. ಮೊದಲ ವರ್ಷ ಮಳೆ ತಪ್ಪಿದಾಗ ಎಂಟು ಹತ್ತು ದಿನಕ್ಕೊಮ್ಮೆ ಬುಡ ನೆನೆಯುವಂತೆ ನೀರು ಕೊಡಿ. ದಿನವೂ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿದು ಬಿಸಿಲಿಗೆ ಸುಡುತ್ತದೆ.

ಯಾವ ಗಿಡ ಎಂದು ಕೇಳಿದರೆ, ನಾನು ಮೊದಲ ಹೆಸರಾಗಿ ಕನಕಾಂಬರವನ್ನು ಹೇಳುತ್ತೇನೆ. ಹೊಲದಲ್ಲಿ ಸಾಲಾಗಿ ಬೆಳೆದು, ಮಾರು ಕಟ್ಟಿ ಮಾರುವುದನ್ನು ನೋಡಿ ನೋಡಿ ಅದು ಕಾಡಿನ ಹೂವೆಂಬುದೇ ನಮಗೆ ಮರೆತುಹೋಗಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕಾಡುಗಳೇ ಅದರ ತವರು. ಚುಕ್ಕೆ ನೆರಳಿನಲ್ಲಿ ಅದರ ಎಲೆ ಕಡುಹಸಿರಾಗಿ ಹೊಳೆಯುತ್ತದೆ, ಹೂವಿನ ಬಣ್ಣವೂ ಬಿಸಿಲಿಗೆ ಬಿಳಚಿಕೊಳ್ಳದೆ ನಿಲ್ಲುತ್ತದೆ. ಬೇರುಗಂಟಿನ ಜಂತುಹುಳುವಿನ ಕಾಟವಿರುವುದರಿಂದ ನೆಡುವಾಗ ಗುಳಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ.

ಅದರ ಜೊತೆಗೆ ಗೋರಟೆ. ಹೆಸರಿನಲ್ಲಿ ಗೊಂದಲ ಬೇಡ: ಕೋಲಾರದ ಕಡೆ ಮದರಂಗಿಗೆ ಗೋರಂಟಿ ಎನ್ನುತ್ತಾರೆ, ನಾನು ಹೇಳುತ್ತಿರುವುದು ಅದಲ್ಲ, ನೀಲಿ, ಬಿಳಿ, ಕೆಲವೊಮ್ಮೆ ಪಟ್ಟೆ ಹೂ ಬಿಡುವ ಬಾರ್ಲೇರಿಯಾ. ಮಳೆಗಾಲದಲ್ಲಿ ಒಂದು ಕಡ್ಡಿ ಮುರಿದು ಚುಚ್ಚಿದರೂ ಬರುತ್ತದೆ, ದೀಪಾವಳಿಯಿಂದ ಸಂಕ್ರಾಂತಿಯ ಹತ್ತಿರದವರೆಗೆ ಹೂ ಕೊಡುತ್ತದೆ, ಎಲೆ ತಿನ್ನಲು ಪ್ಯಾನ್ಸಿ ಜಾತಿಯ ಚಿಟ್ಟೆಗಳ ಮರಿಹುಳುಗಳು ಬರುತ್ತವೆ. ಔಷಧಿ ಹೊಡೆಯದೆ ಅವುಗಳಷ್ಟಕ್ಕೆ ಬಿಟ್ಟುಬಿಡಿ. ನವಿಲುಗರಿಯ ಕಣ್ಣಿನ ಅಂಚಿನಲ್ಲಿ ಕಾಣುವ ಹಸಿರು ಬೆರೆತ ನೀಲಿ ನಿಮಗೆ ಇಷ್ಟವಾದರೆ ಎಕ್ಬೋಲಿಯಂ ಹುಡುಕಿ ತನ್ನಿ. ಆ ಬಣ್ಣದ ಹೂ ನಮ್ಮ ನೆಲದ ಗಿಡಗಳಲ್ಲಿ ಬಹಳ ಅಪರೂಪ, ಮತ್ತು ಅದು ನೆರಳಿನಲ್ಲೇ ಚೆಂದ. ಬುಡಕ್ಕೆ ಹತ್ತಿರದ ತೀರ ಒಣ ಜಾಗಕ್ಕೆ ಬಿಳಿ ಹೂವಿನ ಚಿತ್ರಮೂಲ ಮತ್ತು ನೆಲಬೇವು ಸಾಕು. ಚಿತ್ರಮೂಲದ ಬೇರಿನ ರಸ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಕಿತ್ತು ನೆಡುವಾಗ ಕೈಗವಸು ಇರಲಿ. ಬೇಲಿಯ ಮೇಲೆ ಹಬ್ಬಿಸಲು ಶತಾವರಿ ಇದೆ. ನಮ್ಮ ಹಿರಿಯರು ಹಲವು ಮಕ್ಕಳ ತಾಯಿ ಬೇರು ಎಂದು ಕರೆಯುತ್ತಿದ್ದ ಅದೇ ಬಳ್ಳಿ, ಸಣ್ಣ ಬಿಳಿ ಹೂಗಳ ನವಿರಾದ ಪರಿಮಳ. ಗಡ್ಡೆಯಿಂದ ಏಳುವ ನೆಲಸಂಪಿಗೆ, ಕಸ್ತೂರಿ ಅರಿಶಿನ, ನೆಲತಾಳೆಗಳ ವಿಚಾರವನ್ನು ಮುಂದೆ ಶಿರಾದ ಓದುಗರಿಗೆ ಬರೆದಿದ್ದೇನೆ, ಅದನ್ನೂ ಓದಿಕೊಳ್ಳಿ.

ಪ್ರಶ್ನೆ: ಭಾದ್ರಪದದ ಆಸುಪಾಸಿನಲ್ಲಿ ನಮ್ಮ ಊರಿನ ಬೆಟ್ಟದ ಪೊದೆಗಳಲ್ಲಿ ಗೌರಿ ಹೂ ಅರಳುತ್ತದೆ. ಎಸಳುಗಳು ಬೆಂಕಿಯ ನಾಲಿಗೆಯಂತೆ ಮೇಲಕ್ಕೆ ತಿರುಗಿರುತ್ತವೆ. ಎರಡು ಬಾರಿ ಗಡ್ಡೆ ಅಗೆದು ತಂದು ನೆಟ್ಟೆ, ಎರಡು ಬಾರಿಯೂ ಮೊಳೆಯಲಿಲ್ಲ. ಈ ವರ್ಷ ಯಾವ ತಿಂಗಳಲ್ಲಿ ಅಗೆದರೆ ಸರಿ?
— ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಯಾವ ತಿಂಗಳಲ್ಲಿಯೂ ಅಗೆಯಬೇಡಿ ಎಂಬುದೇ ನನ್ನ ಉತ್ತರ. ನೀವು ಹೇಳುವ ಬೆಟ್ಟ ಮೀಸಲು ಅರಣ್ಯವಾಗಿದ್ದರೆ ಅಲ್ಲಿಂದ ಗಿಡ, ಗಡ್ಡೆ ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯವಲ್ಲದಿದ್ದರೂ, ಒಂದು ಪೊದೆಯಲ್ಲಿ ನಾಲ್ಕೈದು ಬಳ್ಳಿಗಳಷ್ಟೇ ಇರುವ ಗಿಡವನ್ನು ಬಂದವರೆಲ್ಲ ಒಂದೊಂದು ಅಗೆದರೆ ಎಷ್ಟು ವರ್ಷ ಉಳಿದೀತು? ನಿಮ್ಮ ಎರಡು ಗಡ್ಡೆಗಳು ಹೋದದ್ದು ಬೆಟ್ಟಕ್ಕೂ ನಷ್ಟ, ನಿಮಗೂ ನಷ್ಟ. ಇದನ್ನು ಕೋಪದಿಂದ ಬರೆಯುತ್ತಿಲ್ಲ. ಹೂವಿನ ಮೇಲಿನ ಪ್ರೀತಿಯಿಂದಲೇ ನೀವು ಅಗೆದಿರಿ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ.

ಗಡ್ಡೆ ಮೊಳೆಯದೇ ಇದ್ದುದಕ್ಕೆ ಕಾರಣ ಹೇಳುತ್ತೇನೆ. ಗೌರಿ ಹೂವಿನ ಗಡ್ಡೆ ಬೆರಳು ಗಾತ್ರದ ನೇಗಿಲಿನಂತೆ ಎರಡು ಕವಲಾಗಿರುತ್ತದೆ. ಮೊಳಕೆಯ ಕಣ್ಣು ಆಲೂಗಡ್ಡೆಯಲ್ಲಿರುವಂತೆ ಮೈಮೇಲೆಲ್ಲ ಇರುವುದಿಲ್ಲ, ಕವಲಿನ ತುದಿಯಲ್ಲಿ ಮಾತ್ರ ಇರುತ್ತದೆ. ಗಡ್ಡೆಯೋ ಬಹಳ ಸುಲಭವಾಗಿ ಮುರಿಯುವಂಥದ್ದು. ಕಲ್ಲುನೆಲದಲ್ಲಿ ಹಾರೆ ಹಾಕಿ ಎಬ್ಬಿದಾಗ ತುದಿ ಅಲ್ಲೇ ಮುರಿದು ಉಳಿಯುತ್ತದೆ, ಕೈಗೆ ಬರುವುದು ಕಣ್ಣಿಲ್ಲದ ತುಂಡು.

ಬೆಳೆಸಲು ಬೇರೆ ದಾರಿಗಳಿವೆ. ತಮಿಳುನಾಡಿನ ರಾಜ್ಯಪುಷ್ಪ ಇದೇ; ಅಲ್ಲಿ ಸೆಂಗಾಂದಳ್ ಎನ್ನುತ್ತಾರೆ. ಅಲ್ಲಿನ ಕೆಲವು ಜಿಲ್ಲೆಗಳ ರೈತರು ಔಷಧ ಕಂಪನಿಗಳಿಗೆ ಬೀಜ ಮಾರಲು ಇದನ್ನು ಹೊಲದಲ್ಲಿಯೇ ಬೆಳೆಯುತ್ತಾರೆ. ಆದ್ದರಿಂದ ಬೆಳೆಸಿದ ಗಡ್ಡೆ ಔಷಧಿ ಸಸ್ಯಗಳ ನರ್ಸರಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ತುದಿಯ ಕಣ್ಣು ಕೆಡದಿರುವುದನ್ನು ನೋಡಿ, ಮೊದಲ ಮುಂಗಾರು ಹನಿ ಬಿದ್ದಾಗ ಎರಡು ಮೂರು ಅಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಿ ಮುಚ್ಚಿ. ಬುಡ ನೆರಳಿನಲ್ಲಿದ್ದು ತಲೆ ಬಿಸಿಲಿಗೆ ಹೋಗುವಂತೆ ಮರದ ನೆರಳಿನ ಅಂಚಿನಲ್ಲಿ ನೆಟ್ಟರೆ ಹೂ ಚೆನ್ನಾಗಿ ಬರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವುದರಿಂದ ತೊಗರಿಕಡ್ಡಿಯಂಥ ಸಣ್ಣ ಆಸರೆ ಕೊಡಿ. ದಪ್ಪ ಗೂಟವನ್ನು ಅದು ಸುತ್ತಲಾರದು. ಬೀಜದಿಂದಲೂ ಬರುತ್ತದೆ, ಆದರೆ ಮೊಳೆಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು, ಹೂ ಕಾಣಲು ಮೂರು ನಾಲ್ಕು ವರ್ಷ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮನೆಯವರೆಲ್ಲರಿಗೂ ಓದಿ ಹೇಳಿ. ಈ ಗಿಡದ ಎಲ್ಲ ಭಾಗಗಳಲ್ಲಿಯೂ ಕೊಲ್ಚಿಸಿನ್ ಎಂಬ ವಿಷವಿದೆ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೆಣಸೆಂದು ತಿಳಿದು ಗಡ್ಡೆ ತಿಂದು ಸತ್ತವರಿದ್ದಾರೆ. ಗೆಣಸು, ಅರಿಶಿನ, ಶುಂಠಿ ಬೆಳೆಯುವ ಮಡಿಯ ಹತ್ತಿರ ಇದನ್ನು ನೆಡಲೇಬಾರದು. ಯಾರಾದರೂ ಬಾಯಿಗೆ ಹಾಕಿಕೊಂಡರೆ ಮನೆಮದ್ದಿಗೆ ಕಾಯದೆ, ಗಡ್ಡೆಯ ತುಂಡನ್ನೂ ಜೊತೆಗೆ ತೆಗೆದುಕೊಂಡು, ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಬಹಳ ಗಡಸು. ನೆರಳಿನಲ್ಲಿಟ್ಟ ಕನಕಾಂಬರದ ಹೊಸ ಎಲೆಗಳು ಹಳದಿಯಾಗುತ್ತಿವೆ, ನರಗಳು ಮಾತ್ರ ಹಸಿರು. ಕುಂಡದ ಮಣ್ಣಿನ ಮೇಲೆ ಸುಣ್ಣದಂತೆ ಬಿಳಿ ಪದರ ಕಟ್ಟಿದೆ. ನೆರಳು ಹೆಚ್ಚಾಯಿತೇ?
— ಗೃಹಿಣಿ, ಕೋಲಾರ

ಉತ್ತರ: ನೆರಳಿನ ತಪ್ಪಲ್ಲ, ನೀರಿನದು. ಗಡಸು ನೀರಿನ ಸುಣ್ಣದಂಶ ಮಣ್ಣನ್ನು ಕ್ಷಾರ ಮಾಡುತ್ತದೆ, ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣದ ಕೊರತೆಯ ಗುರುತು. ಕನಕಾಂಬರದಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಸಿಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ. ಮೇಲಿನ ಬಿಳಿ ಪದರವನ್ನು ಒಂದು ಅಂಗುಲ ಕೆರೆದು ತೆಗೆದು ಎಲೆಗೊಬ್ಬರ ತುಂಬಿ.

ಇದು ತಾತ್ಕಾಲಿಕ ಉಪಾಯ. ಶಾಶ್ವತ ಪರಿಹಾರ ನಿಮ್ಮ ತಾರಸಿಯ ಮೇಲಿದೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ 20 ಮಿಲಿಮೀಟರಿನ ಒಂದು ಹದಮಳೆ ಬಿದ್ದರೆ ಸುಮಾರು 1,800 ಲೀಟರ್ ನೀರು ಇಳಿಯುತ್ತದೆ. ಒಂದೆರಡು ಡ್ರಮ್ಮು ತುಂಬಿಟ್ಟು, ಸೊಳ್ಳೆ ಸೇರದಂತೆ ಬಟ್ಟೆ ಕಟ್ಟಿದರೆ ನೆರಳಿನ ಗಿಡಗಳಿಗೆ ವಾರಗಟ್ಟಲೆ ಸಾಕು, ಏಕೆಂದರೆ ಅವು ಬಿಸಿಲಿನ ಗಿಡಗಳಷ್ಟು ಕುಡಿಯುವುದಿಲ್ಲ. ಕುಡಿಯುವ ನೀರಿನ ಫಿಲ್ಟರಿನಿಂದ ಹೊರಹೋಗುವ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ. ಬೋರ್‌ವೆಲ್ ನೀರಿನ ಲವಣವೆಲ್ಲ ಅದರಲ್ಲಿ ಇನ್ನಷ್ಟು ದಟ್ಟವಾಗಿರುತ್ತದೆ.

ಪ್ರಶ್ನೆ: ನಿಮ್ಮ ಅಂಕಣ ಓದಿ ಅಡಿಕೆ ತೋಟಕ್ಕೆ ಅಂಟಿದ ನಮ್ಮ ಹಿತ್ತಿಲಿನಲ್ಲಿ ತರಗೆಲೆ ಗುಡಿಸುವುದನ್ನು ಬಿಟ್ಟೆ. ಅತ್ತೆಯವರು ಒಪ್ಪುತ್ತಿಲ್ಲ. ಎಲೆಯಿದ್ದಲ್ಲಿ ಹಾವು, ಚೇಳು ಸೇರುತ್ತವೆ, ಮಕ್ಕಳಿರುವ ಮನೆ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಗುಬ್ಬಿ ತಾಲ್ಲೂಕು

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಕೊಳಕುಮಂಡಲ ತರಗೆಲೆಯ ಬಣ್ಣದಲ್ಲಿಯೇ ಇರುತ್ತದೆ, ಕಾಲಿಡುವವರೆಗೂ ಕಾಣುವುದಿಲ್ಲ. ತೋಟದ ಸೀಮೆಯಲ್ಲಿ ಬಾಳಿದವರು ಅದನ್ನು ಕಣ್ಣಾರೆ ಕಂಡೇ ಹೇಳುತ್ತಾರೆ. ಆದರೆ ಹೂವಿನ ಜಾಗಕ್ಕೂ ಮನೆಯ ಅಂಗಳಕ್ಕೂ ಒಂದೇ ನಿಯಮ ಇರಬೇಕಾಗಿಲ್ಲ. ಗೋಡೆಯಿಂದ ಎಂಟು ಅಡಿಯವರೆಗೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಬಚ್ಚಲಿನ ದಾರಿಯಲ್ಲಿ ಅತ್ತೆಯವರ ಪೊರಕೆಯೇ ಆಡಲಿ, ಅಲ್ಲಿ ಒಂದು ಎಲೆಯೂ ನಿಲ್ಲದಿರಲಿ. ಆ ಗೆರೆಯಾಚೆ ಎಲೆಯ ಪದರ ಮೂರು ಬೆರಳಿಗಿಂತ ದಪ್ಪವಾಗದಂತೆ ಹರಡಿಡಿ. ಹೂ ನೋಡಲು ಹೋಗುವ ಕಾಲುದಾರಿಯನ್ನು ಮೂರು ಅಡಿ ಅಗಲಕ್ಕೆ ಗುಡಿಸಿ ಬರಿನೆಲವಾಗಿಡಿ, ಮಕ್ಕಳಿಗೆ ಆ ದಾರಿ ಬಿಟ್ಟು ಇಳಿಯಬಾರದೆಂದು ಹೇಳಿಕೊಡಿ.

ಹಾವು ಎಲೆಗಾಗಿ ಬರುವುದಕ್ಕಿಂತ ಇಲಿಗಾಗಿ ಬರುವುದು ಹೆಚ್ಚು. ಗೋಡೆಗೆ ಒರಗಿಸಿದ ಸೋಗೆಯ ಹೊರೆ, ಇಟ್ಟಿಗೆ ರಾಶಿ, ಹಳೆಯ ಹೆಂಚು, ತೆಂಗಿನ ಮಟ್ಟೆಯ ಗುಡ್ಡೆ, ಚೆಲ್ಲಿದ ಕಾಳು ಇವುಗಳನ್ನು ಮೊದಲು ತೆಗೆಸಿ. ಗಿಡದ ಬುಡಕ್ಕೆ ಕೈ ಹಾಕುವ ಮುಂಚೆ ಕೋಲಿನಿಂದ ಎಲೆ ಸರಿಸಿ ನೋಡಿ, ಕತ್ತಲಾದ ಮೇಲೆ ಚಪ್ಪಲಿ, ಬ್ಯಾಟರಿ ಇಲ್ಲದೆ ಹಿತ್ತಿಲಿಗೆ ಇಳಿಯಬೇಡಿ. ಆಕಸ್ಮಾತ್ ಹಾವು ಕಚ್ಚಿದರೆ ನಾಟಿ ಔಷಧಿ, ಮಂತ್ರವೆಂದು ಹೊತ್ತು ಕಳೆಯದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಬೇಕು.

ಅಡಿಕೆ ತೋಟದ ಅಂಚು ನಿಮ್ಮದಾದ್ದರಿಂದ ನಿಮಗೊಂದು ಅನುಕೂಲವಿದೆ. ತೋಟಕ್ಕೆ ಹನಿ ನೀರು ಹೋಗುವ ಕಡೆ ಸುಗಂಧಿ ನೆಡಬಹುದು. ಶುಂಠಿಯ ಬಳಗದ ಈ ಗಿಡಕ್ಕೆ ನೆಲ ಸದಾ ತೇವವಾಗಿರಬೇಕು, ಹಾಗಾಗಿ ಇತರ ಓದುಗರಿಗೆ ನಾನು ಇದನ್ನು ಹೇಳುವುದಿಲ್ಲ. ಚಿಟ್ಟೆಯಂಥ ಬಿಳಿ ಹೂ ಸಂಜೆ ಅರಳಿದಾಗ ಪರಿಮಳ ಹಜಾರದವರೆಗೂ ಬರುತ್ತದೆ. ಗಡ್ಡೆಯನ್ನು ಅತ್ತೆಯವರ ಕೈಯಿಂದಲೇ ನೆಡಿಸಿ.

ಪ್ರಶ್ನೆ: ಮಳೆಗಾಲದಲ್ಲಿ ನೆಟ್ಟ ನೆಲಸಂಪಿಗೆ, ಕಸ್ತೂರಿ ಅರಿಶಿನ ಎರಡೂ ಡಿಸೆಂಬರಿನಲ್ಲಿ ಎಲೆ ಹಳದಿಯಾಗಿ ಸತ್ತುಹೋದವು. ದಿನವೂ ನೀರು ಹಾಕಿದರೂ ಉಳಿಯಲಿಲ್ಲ. ನಮ್ಮ ಒಣ ತಾಲ್ಲೂಕಿಗೆ ಇವು ಆಗಿಬರುವುದಿಲ್ಲವೇ?
— ಓದುಗರು, ಶಿರಾ

ಉತ್ತರ: ಸತ್ತಿಲ್ಲ, ಮಲಗಿವೆ. ನಮ್ಮ ಒಣ ಕಾಡಿನ ಬಹಳಷ್ಟು ಹೂಗಿಡಗಳು ಬೇಸಿಗೆಯನ್ನು ಎದುರಿಸುವುದು ಹೀಗೆಯೇ. ಮಳೆ ಹಿಂದೆ ಸರಿಯುತ್ತಲೇ ಎಲೆಯ ಸತ್ವವನ್ನೆಲ್ಲ ಗಡ್ಡೆಗೆ ಇಳಿಸಿಕೊಂಡು ಮಣ್ಣಿನೊಳಗೆ ನಿದ್ದೆ ಹೋಗುತ್ತವೆ. ಆ ಹೊತ್ತಿನಲ್ಲಿ ದಿನವೂ ಹಾಕುವ ನೀರೇ ಅವುಗಳಿಗೆ ಅಪಾಯ, ಗಡ್ಡೆ ಕೊಳೆಯುತ್ತದೆ. ಕೂಡಲೇ ನೀರು ನಿಲ್ಲಿಸಿ. ಜಾಗ ಮರೆಯದಂತೆ ಸುತ್ತ ನಾಲ್ಕು ಬೆಣಚುಕಲ್ಲು ಇಟ್ಟು, ಮೇಲೆ ಎಲೆ ಹೊದಿಸಿ ಬಿಟ್ಟುಬಿಡಿ. ಬೆರಳಿನಿಂದ ಕೆದಕಿ ನೋಡುವ ಆಸೆಯಾಗುತ್ತದೆ, ಅದು ಬೇಡ.

ಮಾರ್ಚ್ ಕಳೆದು ಏಪ್ರಿಲ್ ಬರಲಿ. ಸುತ್ತಲಿನ ನೆಲವೆಲ್ಲ ಬಿರಿದಿರುವಾಗ, ಒಂದು ಎಲೆಯೂ ಇಲ್ಲದ ಆ ಬರಿ ಮಣ್ಣಿನಿಂದ ನೆಲಸಂಪಿಗೆಯ ಹೂ ನೇರವಾಗಿ ಏಳುತ್ತದೆ. ಬಿಳಿ ಎಸಳು, ನೇರಳೆ ತುಟಿ, ನೆಲಕ್ಕೆ ಮುಖವಿಟ್ಟರೆ ಮಾತ್ರ ಪೂರ್ತಿಯಾಗಿ ಸಿಗುವ ಪರಿಮಳ. ಒಂದೊಂದು ಹೂ ಹೆಚ್ಚು ದಿನ ಬಾಳುವುದಿಲ್ಲ, ಆದರೆ ಒಂದರ ಹಿಂದೆ ಒಂದು ಬರುತ್ತವೆ. ಹೂ ಮುಗಿದ ಮೇಲೆಯೇ ಎಲೆ ಬರುವುದು, ಅದರ ಬೆನ್ನು ಕೂಡ ನೇರಳೆ. ಕಸ್ತೂರಿ ಅರಿಶಿನವೂ ಹೀಗೆಯೇ, ಎಲೆಗಿಂತ ಮುಂಚೆ ಗುಲಾಬಿ ತುದಿಯ ತೆನೆಯನ್ನು ನೆಲದಿಂದ ಎಬ್ಬಿಸುತ್ತದೆ. ಮೊಗ್ಗು ಕಂಡ ದಿನದಿಂದ ನೀರು ಆರಂಭಿಸಿ, ಮೊದಲು ಸ್ವಲ್ಪ, ಎಲೆ ಬಿಚ್ಚಿದ ಮೇಲೆ ಧಾರಾಳವಾಗಿ. ಇವುಗಳ ನಡುವೆ ನೆಲತಾಳೆಯನ್ನೂ ಸೇರಿಸಿಕೊಳ್ಳಿ. ಎಳೆಯ ಈಚಲು ಸಸಿಯಂತೆ ಕಾಣುವುದರಿಂದ ಕಳೆಯೆಂದು ಕಿತ್ತುಬಿಡುವವರೇ ಹೆಚ್ಚು. ಮಳೆ ಶುರುವಾದ ಮೇಲೆ ಎಲೆಗಳನ್ನು ಬಿಡಿಸಿ ಬುಡವನ್ನು ನೋಡಿದರೆ ಮಣ್ಣಿಗೆ ಅಂಟಿದಂತೆ ಆರು ಎಸಳಿನ ಹಳದಿ ನಕ್ಷತ್ರ ಕಾಣುತ್ತದೆ.

ನೆರಳಿನ ತೋಟ ಫೆಬ್ರವರಿ, ಮಾರ್ಚಿನಲ್ಲಿ ಬರಿದಾಗಿ ಕಂಡರೆ ಅದು ಕೆಟ್ಟಿದೆ ಎಂದಲ್ಲ. ದೇವರಾಯನದುರ್ಗವೂ ಸಿದ್ಧರಬೆಟ್ಟವೂ ಆಗ ಹಾಗೆಯೇ ಇರುತ್ತವೆ.

ಪ್ರಶ್ನೆ: ಮರದ ಕೆಳಗೆ ನೆಲ ಮುಚ್ಚಲು ನರ್ಸರಿಯವರು ಹಳದಿ ಹೂವಿನ, ನೆಲದ ಮೇಲೆ ಹರಿದುಹೋಗುವ ಗಿಡ ಕೊಟ್ಟಿದ್ದಾರೆ, ವೆಡೇಲಿಯಾ ಎಂದರು. ಬಹಳ ಬೇಗ ಹಬ್ಬುತ್ತಿದೆ. ಇರಲೇ?
— ಓದುಗರು, ಮಾಲೂರು

ಉತ್ತರ: ತೆಗೆದುಬಿಡಿ. ಅಮೆರಿಕ ಖಂಡದಿಂದ ಬಂದ ಈ ಗಿಡ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು, ಉಳಿದ ಸಣ್ಣ ಗಿಡಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ. ಕಿತ್ತ ಬಳ್ಳಿಯನ್ನು ಕೆರೆಯ ಏರಿಗೋ ಚರಂಡಿಗೋ ಎಸೆಯದೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಪೂರ್ತಿ ಒಣಗಿಸಿ ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಯ ಅಂಗಳದಲ್ಲಿ ದೊಡ್ಡ ಬಸರಿ ಮರವಿದೆ. ಅದರ ಕೆಳಗೆ ಮಕ್ಕಳ ಕೈಯಿಂದ ಕಾಡುಹೂಗಳ ಸಣ್ಣ ಮಡಿ ಮಾಡಿಸಬೇಕೆಂದಿದ್ದೇನೆ. ಯಾವುವು ಸುರಕ್ಷಿತ?
— ಶಿಕ್ಷಕಿ, ಗೌರಿಬಿದನೂರು ತಾಲ್ಲೂಕು

ಉತ್ತರ: ಗೌರಿ ಹೂ, ಚಿತ್ರಮೂಲ ಎರಡನ್ನೂ ಶಾಲೆಯ ಅಂಗಳಕ್ಕೆ ತರಲೇಬೇಡಿ, ಕಾರಣ ಮೇಲೆ ಬರೆದಿದ್ದೇನೆ. ಹಳದಿ ಹೂವಿನ ಮುಳ್ಳುಗೋರಟೆಯೂ ಬೇಡ, ಮುಳ್ಳು ಚೂಪು. ಕನಕಾಂಬರ, ಮುಳ್ಳಿಲ್ಲದ ನೀಲಿ ಗೋರಟೆ, ನೆಲಸಂಪಿಗೆ, ಕಸ್ತೂರಿ ಅರಿಶಿನ ಇಷ್ಟು ಸಾಕು. ಬಸರಿಯ ಬೇರು ನೆಲದ ಮೇಲೇ ಹರಡಿರುವುದರಿಂದ ಬುಡದಿಂದ ದೂರ, ಕೊಂಬೆಗಳ ತುದಿ ಬರುವ ಕಡೆ ಮಡಿ ಮಾಡಿಸಿ. ಮಧ್ಯಾಹ್ನದ ಊಟದ ನಂತರ ಮಕ್ಕಳು ಕೈ ತೊಳೆಯುವ ನೀರು ಅತ್ತ ಹರಿಯುವಂತೆ ಒಂದು ಸಣ್ಣ ಕಾಲುವೆ ತೆಗೆದರೆ ಬೇರೆ ನೀರೇ ಬೇಡ, ಸೋಪಿನ ನೀರು ಮಾತ್ರ ಸೇರದಿರಲಿ.

ಕನಕಾಂಬರದ ಮೊದಲ ತೆನೆ ಪೂರ್ತಿ ಒಣಗಿ ಕಂದಾಗುವವರೆಗೂ ಕೀಳದಿರಲು ಮಕ್ಕಳಿಗೆ ಹೇಳಿ. ಒಣಗಿದ ತೆನೆಯನ್ನು ಬಿಡಿಸಿದರೆ ಗೋಧಿಕಾಳಿನಂಥ ಕಾಯಿಗಳು ಸಿಗುತ್ತವೆ, ಒಂದೊಂದರಲ್ಲಿಯೂ ನಾಲ್ಕು ಬೀಜ. ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ಒಂದೆರಡು ಹನಿ ನೀರು ಹಾಕಿ ಸುಮ್ಮನೆ ಕಾಯಬೇಕು. ಸ್ವಲ್ಪ ಹೊತ್ತಿಗೆಲ್ಲ ಚಟ್ ಎಂದು ಸಿಡಿದು ಬೀಜಗಳು ಹಾರುತ್ತವೆ. ಕಾಡಿನಲ್ಲಿ ಮಳೆ ಬಿದ್ದಾಗ ಮಾತ್ರ ಬೀಜ ಬಿತ್ತಿಕೊಳ್ಳಲು ಈ ಗಿಡ ಕಂಡುಕೊಂಡ ಉಪಾಯ ಅದು. ಹಾರಿದ ಬೀಜಗಳನ್ನು ಮಕ್ಕಳು ಹುಡುಕಿ ತರಲಿ. ಅವುಗಳನ್ನು ಎಲೆಗೊಬ್ಬರ ತುಂಬಿದ ತೆಂಗಿನ ಕರಟಗಳಲ್ಲಿ, ಮಣ್ಣು ತೆಳ್ಳಗೆ ಮುಚ್ಚುವಂತೆ ಬಿತ್ತಿಸಿ, ಮಳೆಗಾಲದ ಮೊದಲ ವಾರದಲ್ಲಿ ಮಡಿಗೆ ಇಳಿಸಿ.